1687 (ಶಿರಾ–ಮಧುಗಿರಿ ಸೀಮೆ)

1687 ಎಂದರೆ ಶಾಲಿವಾಹನ ಶಕ 1609. ಆ ವರ್ಷದ ಯುಗಾದಿಗೆ ಅರವತ್ತು ಸಂವತ್ಸರಗಳ ಸುತ್ತು ಮುಗಿದು ಪ್ರಭವ ಸಂವತ್ಸರ ಹೊಸದಾಗಿ ಆರಂಭವಾಯಿತು. ಈಗಿನ ತುಮಕೂರು ಜಿಲ್ಲೆಯ ಉತ್ತರ ಭಾಗಕ್ಕೆ ಇದು ದೊಡ್ಡ ವರ್ಷ. ಶಿರಾ ಮೊಗಲರ ಹೊಸ ಸುಬಾದ ರಾಜಧಾನಿಯಾದದ್ದೂ ಮೊಗಲ್ ಸೇನಾನಿ ಬೆಂಗಳೂರನ್ನು ಹಿಡಿದದ್ದೂ ಇದೇ ವರ್ಷ.

ಈ ಬದಲಾವಣೆಗೆ ದಾರಿ ಮಾಡಿದ್ದು ಬಿಜಾಪುರದ ಪತನ. 1686ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸುಲ್ತಾನ ಸಿಕಂದರ್ ಆದಿಲ್‌ಶಾಹ ಮೊಗಲ್ ಚಕ್ರವರ್ತಿ ಔರಂಗಜೇಬನಿಗೆ ಶರಣಾದ. 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಗೆದ್ದಂದಿನಿಂದ ಶಿರಾ ಬಿಜಾಪುರದವರ ಕೈಯಲ್ಲಿತ್ತು. ಊರಿನ ಕೋಟೆಗೆ ಅಡಿಪಾಯ ಹಾಕಿದವನು ರತ್ನಗಿರಿಯ ಪಾಳೆಯಗಾರ ರಂಗಪ್ಪನಾಯಕ. ಅದು ಪೂರ್ತಿಯಾಗುವ ಮೊದಲೇ ಅವನ ಕೈತಪ್ಪಿತು. ಬಿಜಾಪುರದ ಕಾಲದ ನೆನಪಾಗಿ ಮಲಿಕ್ ರಿಹಾನ್ ಗೋರಿ ಇಂದಿಗೂ ಊರಿನಲ್ಲಿದೆ. ಒಡೆಯನೇ ಇಲ್ಲವಾದ ಮೇಲೆ ತುಂಗಭದ್ರೆಯ ದಕ್ಷಿಣದ ಬಿಜಾಪುರಿ ಸೀಮೆಗಳನ್ನೆಲ್ಲ ಮೊಗಲರು ಒಂದುಗೂಡಿಸಿ ಶಿರಾ ಸುಬಾ ಮಾಡಿದರು. ಬಸವಾಪಟ್ಟಣ, ಬೂದಿಹಾಳ, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ಇದಕ್ಕೆ ಸೇರಿದವು. ಚಿತ್ರದುರ್ಗ, ಹರಪನಹಳ್ಳಿ, ಬಿದನೂರು, ಮೈಸೂರುಗಳನ್ನು ಕಪ್ಪ ಕೊಡುವ ಸಂಸ್ಥಾನಗಳೆಂದು ಎಣಿಸಲಾಯಿತು. ಸುಬಾದ ಮೊದಲ ಅಧಿಕಾರಿ ಕಾಸಿಂ ಖಾನ್.

ರಾಜಧಾನಿಗೆ ಶಿರಾವನ್ನೇ ಏಕೆ ಆರಿಸಿದರು ಎಂಬುದು ನೆಲ ನೋಡಿದರೆ ತಿಳಿಯುತ್ತದೆ. ಶಿರಾದ ಸುತ್ತಲಿನದು ಕುದುರೆ ದಂಡು ಸರಾಗವಾಗಿ ಸಾಗುವ ಬಯಲು. ಮಧುಗಿರಿ, ಪಾವಗಡ, ಕೊರಟಗೆರೆಗಳ ಕಡೆ ಹೊರಳಿದರೆ ಸಾಲುಸಾಲು ಕಲ್ಲುಬೆಟ್ಟಗಳು, ಗುಡ್ಡಕ್ಕೊಂದರಂತೆ ದುರ್ಗಗಳು. ಆ ಬೆಟ್ಟಗಳಲ್ಲಿ ಮುಖ್ಯವಾದ ಮಧುಗಿರಿ ಆಗಲೇ ಮೈಸೂರಿನವರದ್ದಾಗಿತ್ತು. ರಾಮಪ್ಪಗೌಡ, ತಿಮ್ಮಪ್ಪಗೌಡ ಎಂಬ ನಾಡಪ್ರಭುಗಳಿಂದ ಚಿಕ್ಕದೇವರಾಜ ಒಡೆಯರ ಸೇನೆ 1678ರಲ್ಲಿ ಅದನ್ನು ಕಿತ್ತುಕೊಂಡಿತ್ತು. ಹತ್ತುವವರು ಬಂಡೆಯಲ್ಲೇ ಕಡಿದ ಮೆಟ್ಟಿಲುಗಳ ಮೇಲೆ ಒಬ್ಬರ ಹಿಂದೊಬ್ಬರಂತೆ ಸಾಗಬೇಕಾದ ಆ ದುರ್ಗದಲ್ಲಿ ಬಯಲಿನ ಸವಾರರ ಆಟ ನಡೆಯುವಂಥದ್ದಲ್ಲ. ಹೀಗೆ 1687ರಲ್ಲಿ ಶಿರಾದಲ್ಲಿ ದಿಲ್ಲಿಯ ಬಾವುಟ, ಅದಕ್ಕೆ ಹತ್ತಿರದಲ್ಲೇ ಮಧುಗಿರಿಯಲ್ಲಿ ಮೈಸೂರಿನ ಬಾವುಟ. ಸಿದ್ದರಬೆಟ್ಟದ ಸುತ್ತಲಿನ ಹಳ್ಳಿಗರು ಎರಡು ರಾಜ್ಯಗಳ ಅಂಚಿನಲ್ಲಿ ಬಾಳಬೇಕಾಯಿತು.

ಆದರೂ ಈ ಎರಡು ಶಕ್ತಿಗಳು ಆ ವರ್ಷ ಕಾದಾಡಲಿಲ್ಲ. ಬೆಂಗಳೂರು ಆಗ ತಂಜಾವೂರಿನ ಭೋಸಲೆ ಮನೆತನದ ಸ್ವತ್ತು. ದೂರದ ಈ ಊರನ್ನು ಕಾಯುವುದು ಹೊರೆಯೆನಿಸಿ, ಮೂರು ಲಕ್ಷ ರೂಪಾಯಿಗೆ ಮೈಸೂರಿಗೆ ಮಾರಲು ಅವರು ಮಾತುಕತೆ ನಡೆಸಿದ್ದರು. ವ್ಯವಹಾರ ಮುಗಿಯುವ ಮೊದಲೇ ಕಾಸಿಂ ಖಾನ್ ಪೆನುಕೊಂಡ, ತುಮಕೂರುಗಳ ದಾರಿಯಾಗಿ ಬಂದು, ಜುಲೈ 10ರಂದು ಬೆಂಗಳೂರು ಕೋಟೆಯ ಮೇಲೆ ಮೊಗಲ್ ಧ್ವಜ ಏರಿಸಿದ. ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿರುವಂತೆ, ಅವನು ಅದೇ ಮೂರು ಲಕ್ಷಕ್ಕೆ ಊರನ್ನು ಚಿಕ್ಕದೇವರಾಜರಿಗೆ ಒಪ್ಪಿಸಿದ. ಗುತ್ತಿಗೆಗೆ ಕೊಟ್ಟದ್ದೆಂದೂ, ಹಸ್ತಾಂತರ ಒಂದೆರಡು ವರ್ಷ ತಡವಾಯಿತೆಂದೂ ಹೇಳುವವರಿದ್ದಾರೆ. ಹೇಗಾದರೂ ಲಾಭ ಮೈಸೂರಿನದೇ. ಔರಂಗಜೇಬನ ಸೇನಾನಿಯನ್ನು ಕೆಣಕದೆ ಹಣ ತೆತ್ತು ನೆಲ ಪಡೆದ ಈ ನಡೆ ಚಿಕ್ಕದೇವರಾಜರ ರಾಜನೀತಿಯಲ್ಲಿ ಎಲ್ಲಕ್ಕಿಂತ ಜಾಣತನದ್ದು ಎನ್ನಬೇಕು. ಮರಾಠರ ವಿರುದ್ಧ ಮೊಗಲರಿಗೂ ದಕ್ಷಿಣದಲ್ಲಿ ಒಬ್ಬ ಜೊತೆಗಾರ ಬೇಕಾಗಿದ್ದ.

ಅತ್ತ ಚಕ್ರವರ್ತಿ ಸ್ವತಃ ಗೋಲ್ಕೊಂಡದ ಮುಂದೆ ಪಾಳೆಯ ಹೂಡಿದ್ದ. ಎಂಟು ತಿಂಗಳು ಜಗ್ಗದ ಕೋಟೆಯ ಬಾಗಿಲನ್ನು ಸೆಪ್ಟೆಂಬರಿನಲ್ಲಿ ಒಳಗಿನವನೇ ಒಬ್ಬ ತೆರೆದುಕೊಟ್ಟ. ಕೊನೆಯ ಕುತುಬ್‌ಶಾಹಿ ಸುಲ್ತಾನ ಅಬುಲ್ ಹಸನ್ ದೌಲತಾಬಾದಿನಲ್ಲಿ ಸೆರೆಯಾದ. ಅದೇ ವರ್ಷದ ಡಿಸೆಂಬರ್ 30ರಂದು ಮದರಾಸಿಗೆ ನಗರಸಭೆಯ ಸನ್ನದು ಸಿಕ್ಕಿತು. ಲಂಡನ್ನಿನಲ್ಲಿ ಜುಲೈ 5ರಂದು, ಬೆಂಗಳೂರು ಮೊಗಲರ ವಶವಾಗುವ ಕೆಲವೇ ದಿನ ಮೊದಲು, ಗುರುತ್ವಾಕರ್ಷಣೆಯನ್ನು ವಿವರಿಸಿದ ನ್ಯೂಟನ್ನನ ‘ಪ್ರಿನ್ಸಿಪಿಯಾ’ ಪ್ರಕಟವಾಯಿತು. ಸೆಪ್ಟೆಂಬರ್ 26ರಂದು ವೆನಿಸ್ಸಿನವರ ಗುಂಡು ಬಿದ್ದು, ಮದ್ದಿನ ಮನೆಯಾಗಿದ್ದ ಅಥೆನ್ಸಿನ ಪಾರ್ಥೆನಾನ್ ಸಿಡಿಯಿತು.

ಜನನ: ಜರ್ಮನಿಯ ವಾಸ್ತುಶಿಲ್ಪಿ ಬಾಲ್ತಜಾರ್ ನಾಯ್ಮನ್, ಇಟಲಿಯ ಪಿಟೀಲುಗಾರ ಫ್ರಾಂಚೆಸ್ಕೊ ಜೆಮಿನಿಯಾನಿ.

ಮರಣ: ಹೈದರಾಬಾದಿನ ಮೊದಲ ನಿಜಾಮನ ತಾತ ಕಿಲಿಚ್ ಖಾನ್, ಗೋಲ್ಕೊಂಡ ಮುತ್ತಿಗೆಯಲ್ಲಿ ಫಿರಂಗಿ ಗುಂಡು ತಗಲಿ; ಮರಾಠರ ಸೇನಾಪತಿ ಹಂಬೀರರಾವ್ ಮೋಹಿತೆ, ವಾಯಿಯ ಬಳಿಯ ಕಾಳಗದಲ್ಲಿ; ಚಂದ್ರನ ನಕ್ಷೆ ಬರೆದ ಖಗೋಳಜ್ಞ ಹೆವೇಲಿಯಸ್; ಫ್ರಾನ್ಸಿನ ಸಂಗೀತಗಾರ ಲುಲ್ಲಿ, ತಾಳ ಹಾಕುವ ಕೋಲು ಕಾಲಿಗೇ ತಗಲಿ ಹುಣ್ಣಾಗಿ.

ಕಾಸಿಂ ಖಾನ್ ಶಿರಾದ ಅಧಿಕಾರವನ್ನು ಹೆಚ್ಚು ಕಾಲ ಅನುಭವಿಸಲಿಲ್ಲ. 1695ರ ಕೊನೆಗೆ ಚಳ್ಳಕೆರೆ ಬಳಿಯ ದೊಡ್ಡೇರಿಯಲ್ಲಿ ಮರಾಠ ಸೇನಾನಿ ಸಂತಾಜಿ ಘೋರ್ಪಡೆ ಅವನನ್ನು ಮುತ್ತಿದ. ಸೋಲಿನ ಅವಮಾನದಲ್ಲೇ ಕಾಸಿಂ ಖಾನನ ಪ್ರಾಣ ಹೋಯಿತು. ಮರುವರ್ಷದ್ದು ಶಿರಾದ ಕಲ್ಲುಕಟ್ಟಡದ ಜಾಮಿಯಾ ಮಸೀದಿ. ಸುಬಾ ಮಾತ್ರ 1757ರಲ್ಲಿ ಮರಾಠರು ಶಿರಾವನ್ನು ಹಿಡಿಯುವವರೆಗೂ ನಡೆಯಿತು. 1761ರಲ್ಲಿ ಊರು ಹೈದರಾಲಿಯ ವಶವಾಯಿತು.