ಏಳು ದ್ವೀಪಗಳೂ ಗಣಕದ ಬೆಟ್ಟಗಳೂ

ಮುಂಬಯಿಯ ನೆಲವನ್ನು ಪ್ರಕೃತಿಯೊಂದೇ ನಿರ್ಮಿಸಲಿಲ್ಲ. ಕೊಲಾಬಾ, ಕಿರಿಯ ಕೊಲಾಬಾ, ಬೊಂಬಾಯಿ, ಮಜಗಾಂವ್, ಪರೇಲ್, ವರ್ಲಿ, ಮಾಹಿಮ್ ಎಂಬ ಏಳು ದ್ವೀಪಗಳ ನಡುವಣ ಕಡಲನ್ನು ಮನುಷ್ಯರು ಹಂತಹಂತವಾಗಿ ತುಂಬಿದರು. ನೆಲವನ್ನು ಹೀಗೆ ಹಂತಹಂತವಾಗಿ ಕಟ್ಟುವ ವಿದ್ಯೆಯೊಂದು ಇಂದು ಗಣಕದ ತೆರೆಯ ಮೇಲೆಯೂ ಬೆಳೆದಿದೆ. ಸಿನಿಮಾ ಮತ್ತು ವಿಡಿಯೊ ಆಟಗಳ ಬೆಟ್ಟಕಣಿವೆಗಳು ಅದರಿಂದಲೇ ಹುಟ್ಟುತ್ತವೆ.

ಈ ವಿದ್ಯೆಯ ಚರಿತ್ರೆಗೆ ಅರ್ಧ ಶತಮಾನವೂ ತುಂಬಿಲ್ಲ. ಬೆನ್ವಾ ಮ್ಯಾಂಡೆಲ್‌ಬ್ರಾಟ್‌ರ ಫ್ರ್ಯಾಕ್ಟಲ್ ಗಣಿತದಿಂದ ಪ್ರೇರಿತರಾದ ಲೊರೆನ್ ಕಾರ್ಪೆಂಟರ್ 1980ರಲ್ಲಿ, ಪರ್ವತಗಳ ಮೇಲೆ ಹಾರಿದಂತೆ ತೋರುವ ಎರಡು ನಿಮಿಷದ ಚಿತ್ರವೊಂದನ್ನು ಗಣಕದಲ್ಲೇ ರಚಿಸಿದರು. 1984ರಲ್ಲಿ ರಾಬರ್ಟ್ ಕುಕ್, ವಸ್ತುವಿನ ಬಣ್ಣ ಹೊಳಪುಗಳ ಲೆಕ್ಕವನ್ನು ಸಣ್ಣ ಸಣ್ಣ ಕ್ರಿಯೆಗಳ ಮರವಾಗಿ ಜೋಡಿಸುವ ವಿಧಾನವನ್ನು ಮುಂದಿಟ್ಟರು. ಮರುವರ್ಷ ಕೆನ್ ಪರ್ಲಿನ್ ಪ್ರಕಟಿಸಿದ ‘ನಾಯ್ಸ್’ ಎಂಬ ಸೂತ್ರ, ನಿಯಮಬದ್ಧ ಯಂತ್ರಕ್ಕೆ ಪ್ರಕೃತಿಯ ಏರುಪೇರನ್ನು ಕಲಿಸಿತು. 1989ರಲ್ಲಿ ಕೆನ್ ಮಸ್‌ಗ್ರೇವ್ ಮತ್ತು ಸಂಗಡಿಗರು ಮಳೆನೀರಿನ ಕೊರೆತವನ್ನೂ ಲೆಕ್ಕಕ್ಕೆ ತಂದರು. ಇಂದಿನ ಹೂಡಿನಿ, ವರ್ಲ್ಡ್ ಮಷೀನ್, ಗಾಯಾ ಮುಂತಾದ ತಂತ್ರಾಂಶಗಳು ಈ ಎಳೆಗಳನ್ನೆಲ್ಲ ಒಂದುಗೂಡಿಸಿವೆ.

ಅವುಗಳ ಮೊದಲ ಪಾಠ ಸರಳವಾದುದು. ನೆಲವೆಂದರೆ ಒಂದು ಕಪ್ಪುಬಿಳುಪಿನ ಚಿತ್ರ. ಬಿಳುಪು ಎತ್ತರ, ಕಪ್ಪು ತಗ್ಗು. ಆ ಚಿತ್ರದ ಮೇಲೆ ಒಂದೊಂದು ಕ್ರಿಯೆ ನಡೆಸುವ ಪೆಟ್ಟಿಗೆಯೇ ‘ನೋಡ್’. ಒಂದು ನೋಡ್ ಉಬ್ಬುತಗ್ಗುಗಳನ್ನು ಹುಟ್ಟಿಸುತ್ತದೆ, ಇನ್ನೊಂದು ಅವನ್ನು ಮೆಟ್ಟಿಲಾಗಿಸುತ್ತದೆ, ಮತ್ತೊಂದು ಮಳೆ ಸುರಿಸಿ ಕೊರೆಯುತ್ತದೆ. ಒಂದರ ಫಲ ತಂತಿಯ ಮೂಲಕ ಮುಂದಿನದಕ್ಕೆ ಹರಿಯುತ್ತದೆ. ಕ್ರಮ ಬದಲಾದರೆ ನೆಲವೇ ಬದಲಾಗುತ್ತದೆ: ಮೆಟ್ಟಿಲಿನ ಬಳಿಕ ಮಳೆ ಬಂದರೆ ಮೆಟ್ಟಿಲುಗಳ ಅಂಚು ಸವೆದು ಕಣಿವೆಗಳು ಮೂಡುತ್ತವೆ, ಮಳೆಯ ಬಳಿಕ ಮೆಟ್ಟಿಲು ಬಂದರೆ ಕಣಿವೆಗಳೇ ಮೆಟ್ಟಿಲಾಗುತ್ತವೆ.

ಇದನ್ನು ಅರಿತವರಿಗೆ ನಮ್ಮ ಸುತ್ತಣ ನೆಲವೂ ಬೇರೆಯಾಗಿ ಕಾಣುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರುಪದರಾಗಿ ಹರಿದು ದಖ್ಖನಿನ ಕಪ್ಪುಶಿಲೆಯಾಯಿತು. ಅಂಧೇರಿಯ ಗಿಲ್ಬರ್ಟ್ ಬೆಟ್ಟ ಆ ಕಾಲದ ಸಾಕ್ಷಿ. ಬಳಿಕ ಮುಂಗಾರು ಆ ಪದರುಗಳನ್ನು ಕೊರೆದು ಸಹ್ಯಾದ್ರಿಯ ಮೆಟ್ಟಿಲುಮೆಟ್ಟಿಲಾದ ಇಳಿಜಾರುಗಳನ್ನು ರೂಪಿಸಿತು. ಕಟ್ಟಕಡೆಯ ನೋಡ್ ಮನುಷ್ಯನದು. 18ನೆಯ ಶತಮಾನದಲ್ಲಿ ಹಾರ್ನ್‌ಬಿ ವೆಲಾರ್ಡ್ ಎಂಬ ಒಡ್ಡು, ವರ್ಲಿಯ ಬಳಿ ಒಳನುಗ್ಗುತ್ತಿದ್ದ ಕಡಲನ್ನು ತಡೆಯಿತು. 20ನೆಯ ಶತಮಾನದಲ್ಲಿ ಮಿಠಿ ನದಿಯ ಜೌಗು ತುಂಬಿ ಬಾಂದ್ರಾ–ಕುರ್ಲಾ ಸಂಕೀರ್ಣ ಎದ್ದಿತು.

ಆದರೆ ತಂತ್ರಾಂಶಕ್ಕೂ ನಗರಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ತೆರೆಯ ಮೇಲೆ ಹೊಸ ನೋಡ್ ಸೇರಿಸಿದೊಡನೆ ನೀರಿನ ದಾರಿಯನ್ನು ಮತ್ತೆ ಲೆಕ್ಕಹಾಕಿಸಬಹುದು. ಒಪ್ಪದಿದ್ದರೆ ನೋಡನ್ನೇ ಅಳಿಸಬಹುದು. ನಗರದಲ್ಲಿ ಅಳಿಸುವ ಸೌಕರ್ಯವಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಕಡಲಿನ ಉಬ್ಬರವೂ ಜೊತೆಗೂಡಿದಾಗ ನೀರು ಮಿಠಿಯ ದಡಗಳನ್ನು ಮೀರಿ, ತಾನು ಹಿಂದೆ ತಂಗುತ್ತಿದ್ದ ತಗ್ಗುಗಳನ್ನೇ ಹುಡುಕಿಕೊಂಡು ಹೋಯಿತು. ಕುರ್ಲಾ, ಕಲೀನಾ ಮುಳುಗಿದವು. ನೂರಾರು ಜೀವಗಳು ಹೋದವು.

ನೆಲವೆಂದರೆ ಕೇವಲ ಆಕಾರವಲ್ಲ, ಒಂದರ ಮೇಲೊಂದು ಬಂದ ಘಟನೆಗಳ ಸಾಲು ಎಂಬುದನ್ನು ಈ ತಂತ್ರಾಂಶ ಹೊಸಬರಿಗೂ ಮೊದಲ ದಿನವೇ ತೋರಿಸಿಕೊಡುತ್ತದೆ. ಇನ್ನೂ ಕಡಲು ತುಂಬುತ್ತಲೇ ಇರುವ ಈ ಮಹಾನಗರದಲ್ಲಿ, ಆ ಪಾಠ ಸ್ಟುಡಿಯೊಗಳ ಆಚೆಗೂ ತಲುಪಬೇಕಾಗಿದೆ.