ಒಂದೇ ಸೂರಿನಡಿ ಹಲವು ಬೆಕ್ಕುಗಳು

ಮನೆಯ ಬೆಕ್ಕುಗಳು ಕಾದಾಡದೆ ಒಟ್ಟಿಗೆ ಬಾಳಬೇಕೆಂಬ ಚಿಂತೆ ಮನುಷ್ಯ ಮತ್ತು ಬೆಕ್ಕಿನ ದೀರ್ಘ ಒಡನಾಟದಲ್ಲಿ ತೀರ ಈಚಿನದು. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೋಸ್‌ನಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನೊಬ್ಬನ ಪಕ್ಕದಲ್ಲೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರದ ವಿವರ 2004ರಲ್ಲಿ ಪ್ರಕಟವಾಯಿತು; ಬೆಕ್ಕು ಆ ದ್ವೀಪದ ಮೂಲ ಪ್ರಾಣಿಯಲ್ಲವಾದ್ದರಿಂದ ಅದನ್ನೋ ಅದರ ಹಿಂದಿನವನ್ನೋ ದೋಣಿಯಲ್ಲಿ ತಂದಿರಲೇಬೇಕು. ಆದರೆ ಸಾಕುಬೆಕ್ಕಿನ ಮೂಲವಾದ ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡುವಂಥದು. ತೋಳಕ್ಕಿರುವ ಗುಂಪಿನ ಕಟ್ಟುಪಾಡು ಅದಕ್ಕಿಲ್ಲ, ಒಲ್ಲದ ಬೆಕ್ಕು ಎದುರಾದರೆ ದೂರ ಸರಿಯುವುದೇ ಅದರ ಮುಖ್ಯ ಉಪಾಯ. ಇಲಿಗಳ ಕಾಟಕ್ಕೆಂದು ಸಾಕಿದ ಬೆಕ್ಕಿಗೆ ಹಿತ್ತಿಲು, ಅಟ್ಟ, ನೆರೆಮನೆಯ ಮಾಡು ಎಲ್ಲವೂ ತೆರೆದಿದ್ದಷ್ಟು ಕಾಲ ಈ ಉಪಾಯ ಸಾಕಾಗುತ್ತಿತ್ತು.

ಆ ದಾರಿ ಮುಚ್ಚುವುದರಲ್ಲಿ ಒಂದು ಬಗೆಯ ಮಣ್ಣಿನ ಪಾತ್ರ ದೊಡ್ಡದು. 1947ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಸೊಪೊಲಿಸ್‌ನಲ್ಲಿ, ಎಣ್ಣೆ ಮತ್ತು ತೇವವನ್ನು ಹೀರುವ ಸರಕುಗಳನ್ನು ಕಾರ್ಖಾನೆಗಳಿಗೆ ಮಾರುತ್ತಿದ್ದ ಎಡ್ವರ್ಡ್ ಲೋ, ಬೆಕ್ಕಿನ ಪೆಟ್ಟಿಗೆಗೆ ಮರಳು ಕೇಳಿ ಬಂದ ನೆರೆಯಾಕೆಗೆ ಹರಳುಹರಳಾದ ಮುಲ್ತಾನಿ ಮಣ್ಣನ್ನು ಕೊಟ್ಟನು. ಅದುವರೆಗೆ ಬಳಕೆಯಲ್ಲಿದ್ದ ಬೂದಿ, ಮರಳುಗಳಿಗಿಂತ ಇದು ಮೇಲೆನಿಸಿದಾಗ ಐದೈದು ಪೌಂಡಿನ ಹತ್ತು ಚೀಲಗಳನ್ನು ತುಂಬಿಸಿ, ಚೀಲಕ್ಕೆ 65 ಸೆಂಟ್ ಬೆಲೆ ಕಟ್ಟಿದನು. ಮರಳು ಅಗ್ಗಕ್ಕೆ ಸಿಗುವಾಗ ಇದನ್ನು ಕೊಳ್ಳುವವರು ಯಾರೆಂದು ಅಂಗಡಿಯವನು ಅನುಮಾನಿಸಿದ್ದರಿಂದ ಮೊದಲ ಚೀಲಗಳು ಪುಕ್ಕಟೆ ಹಂಚಿಹೋದವು. ಸಂಸ್ಕೃತದ 'ಮಾರ್ಜಾರ' ಶಬ್ದವನ್ನು ಒರೆಸು, ಶುಚಿಮಾಡು ಎಂಬ ಅರ್ಥದ ಧಾತುವಿನಿಂದ ಸಾಧಿಸುತ್ತಾರೆ. ಆ ಹೆಸರು ತಂದುಕೊಟ್ಟ ಶುಚಿತ್ವವೇ ಬೆಕ್ಕನ್ನು ವರ್ಷವಿಡೀ ನಾಲ್ಕು ಗೋಡೆಗಳೊಳಗೆ ಇರಿಸುವುದನ್ನು ಸುಲಭಗೊಳಿಸಿತೆನ್ನಬೇಕು. ಸಂತಾನಹರಣ ಚಿಕಿತ್ಸೆ ರೂಢಿಗೆ ಬಂದದ್ದೂ ಇದಕ್ಕೆ ನೆರವಾಯಿತು. ಹೀಗೆ ಬಂಧುತ್ವವಿಲ್ಲದ ಎರಡು ಮೂರು ಬೆಕ್ಕುಗಳು ಸರಿದುಹೋಗಲು ಎಡೆಯಿಲ್ಲದ ಕೋಣೆಗಳಲ್ಲಿ ಎದುರುಬದುರಾದವು.

ಜರ್ಮನಿಯ ಪ್ರಾಣಿವರ್ತನಶಾಸ್ತ್ರಜ್ಞ ಪೌಲ್ ಲೈಹೌಸೆನ್, ಬೆಕ್ಕುಗಳು ಒಂದೇ ಹಾದಿಯನ್ನು ಬೇರೆ ಬೇರೆ ಹೊತ್ತಿನಲ್ಲಿ ಬಳಸಿ ಮುಖಾಮುಖಿಯನ್ನು ತಪ್ಪಿಸಿಕೊಳ್ಳುವುದನ್ನು ಗುರುತಿಸಿದ್ದನು. 1990ರ ದಶಕದಲ್ಲಿ ಫ್ರಾನ್ಸಿನ ಪಶುವೈದ್ಯ ಪ್ಯಾಟ್ರಿಕ್ ಪಜಾ, ಬೆಕ್ಕು ಕೆನ್ನೆಯುಜ್ಜಿ ಬಿಡುವ ಫೆರೊಮೋನನ್ನು, ಅಂದರೆ ತನ್ನ ಜಾತಿಯ ಪ್ರಾಣಿಗಳಿಗೆ ಸುಳಿವು ಕೊಡುವ ರಾಸಾಯನಿಕವನ್ನು, ಕೃತಕವಾಗಿ ತಯಾರಿಸುವ ದಾರಿ ತೋರಿದನು. ಇಂದಿನ ಪದ್ಧತಿ ಇದಕ್ಕಿಂತ ಸರಳ: ಹೊಸ ಬೆಕ್ಕನ್ನು ಕೆಲವು ದಿನ ಬೇರೆ ಕೋಣೆಯಲ್ಲಿಟ್ಟು, ಮಲಗುವ ಬಟ್ಟೆಗಳನ್ನು ಅದಲುಬದಲು ಮಾಡಿ ವಾಸನೆಯ ಪರಿಚಯ ಮಾಡಿಸಿ, ಮುಚ್ಚಿದ ಬಾಗಿಲಿನ ಎರಡೂ ಬದಿಗೆ ಉಣಿಸಿದ ಮೇಲಷ್ಟೇ ಮುಖ ತೋರಿಸುವುದು, ಮಣ್ಣಿನ ಪೆಟ್ಟಿಗೆಗಳನ್ನು ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಾಗಿ, ಬೇರೆ ಬೇರೆ ಕಡೆ ಇಡುವುದು. ಒಂದೇ ಮೂಲೆಯಲ್ಲಿ ಜೋಡಿಸಿಟ್ಟ ಮೂರು ಪೆಟ್ಟಿಗೆಗಳನ್ನು ಬಾಗಿಲಲ್ಲಿ ಕುಳಿತ ಒಂದೇ ಬೆಕ್ಕು ಕಾಯಬಲ್ಲದು.