ಮಹರ್: ಪತಿಯ ಋಣ, ಪತ್ನಿಯ ಸ್ವತ್ತು

ಮುಸಲ್ಮಾನರ ವಿವಾಹವು ನಡೆದಾಗ ವಧೂವರರ ಹೆಸರುಗಳೊಡನೆ ಒಂದು ಮೊತ್ತವೂ ಖಾಜಿಯ ದಫ್ತರದಲ್ಲಿ ದಾಖಲಾಗುವುದು. ಇದಕ್ಕೆ ಮಹರ್ ಎಂದು ಹೆಸರು. ಇದನ್ನು ಕನ್ಯಾಶುಲ್ಕವೆಂದು ಭಾವಿಸಿರುವವರು ನಮ್ಮಲ್ಲಿ ಅನೇಕರುಂಟು. ಕನ್ಯಾಶುಲ್ಕವಾದರೋ ತಂದೆಗೆ ಸಲ್ಲುವಂಥದು. ಮಹರ್ ವಧುವಿಗಲ್ಲದೆ ಇನ್ನಾರಿಗೂ ಸಲ್ಲತಕ್ಕದ್ದಲ್ಲ. ಆಂಗ್ಲ ಗ್ರಂಥಕಾರರು ಇದನ್ನು ‘ಡವರ್’ ಎಂದು ಕರೆದು ಮತ್ತೊಂದು ಗೊಂದಲವನ್ನು ತಂದಿಟ್ಟರು. ಇಂಗ್ಲೆಂಡಿನ ಡವರ್ ಎಂಬುದು ಗಂಡನ ಭೂಮಿಯ ಮೂರನೆಯ ಒಂದು ಭಾಗವನ್ನು ವಿಧವೆಯು ಬದುಕಿರುವವರೆಗೆ ಅನುಭವಿಸುವ ಹಕ್ಕಾಗಿತ್ತು. ಮಹರ್ ಹಾಗಲ್ಲ, ಅದು ವಿವಾಹದಿಂದ ಹುಟ್ಟಿದ ಸಾಲ. ಗಂಡನು ಋಣಿ, ಹೆಂಡತಿಯು ಧನಿ.

ಈ ಧರ್ಮಶಾಸ್ತ್ರದಲ್ಲಿ ದಂಪತಿಗಳಿಗೆ ಸಮಾನವಾದ ಒಟ್ಟು ಸ್ವತ್ತೆಂಬುದೇ ಇಲ್ಲ. ಹೆಂಡತಿಯು ತವರಿನಿಂದ ತಂದುದು ಅವಳದು, ಗಂಡನ ಗಳಿಕೆ ಅವನದು. ಕಲ್ಕತ್ತೆಯ ಪ್ರಾಂತದಿಂದ ಪ್ರಿವಿ ಕೌನ್ಸಿಲಿಗೆ ಹೋದ ಬುಜ್ಲೂರ್ ರಹೀಂ ಮತ್ತು ಶಂಸುನ್ನಿಸಾ ಬೇಗಂ ಎಂಬವರ ವ್ಯಾಜ್ಯದಲ್ಲಿ, ಗೋಷೆಯಲ್ಲಿದ್ದ ಹೆಂಡತಿಯ ಸರ್ಕಾರಿ ಸಾಲಪತ್ರಗಳು ಗಂಡನ ಕೈಸೇರಿದ್ದುವು. ತಾನು ಅವನ್ನು ಕ್ರಯಕ್ಕೆ ಪಡೆದೆನೆಂದು ಆತನ ವಾದ. ಹಾಗಿದ್ದರೆ ಅದನ್ನು ಸಿದ್ಧಪಡಿಸುವ ಭಾರವು ನಿನ್ನದೇ ಎಂದು ಹೇಳಿ ನ್ಯಾಯಾಧಿಪತಿಗಳು 1867ರಲ್ಲಿ ಹೆಂಡತಿಯ ಪಕ್ಷವನ್ನು ಎತ್ತಿಹಿಡಿದರು. ವಿವಾಹಿತ ಸ್ತ್ರೀಗೆ ಪ್ರತ್ಯೇಕ ಸ್ವತ್ತಿನ ಪೂರ್ಣಾಧಿಕಾರವನ್ನು ಕೊಟ್ಟ ಕಾನೂನು ಇಂಗ್ಲೆಂಡಿನಲ್ಲಿ ಬಂದುದು 1882ರಲ್ಲಿ. ತಮ್ಮ ನಾಡಿನ ಗೃಹಿಣಿಗೆ ಇನ್ನೂ ದೊರೆಯದಿದ್ದುದನ್ನು ಆ ಆಂಗ್ಲ ನ್ಯಾಯಾಧೀಶರು ಇಲ್ಲಿಯ ಗೋಷಾ ಸ್ತ್ರೀಗೆ ದೃಢಪಡಿಸಿದರೆಂಬುದು ಸ್ವಾರಸ್ಯವಾದ ಸಂಗತಿ.

ಆದರೆ ಗಂಡನು ಕಾಲವಾದ ಮೇಲೆ? ಮೊದಲು ಉತ್ತರಕ್ರಿಯೆಯ ವೆಚ್ಚ, ಅನಂತರ ಸಾಲಗಳು, ಆ ಬಳಿಕ ಉಯಿಲು, ಕಟ್ಟಕಡೆಗೆ ವಾರಸುದಾರರ ಪಾಲು. ಇದು ಶಾಸ್ತ್ರವು ಹೇಳುವ ಕ್ರಮ. ಮಕ್ಕಳಿದ್ದರೆ ವಿಧವೆಗೆ ಎಂಟರಲ್ಲಿ ಒಂದು ಭಾಗ, ಇಲ್ಲದಿದ್ದರೆ ನಾಲ್ಕರಲ್ಲಿ ಒಂದು. ಉಯಿಲಿನಿಂದ ಮೂರನೆಯ ಒಂದು ಭಾಗಕ್ಕೆ ಮೀರಿ ಕೊಡುವಂತಿಲ್ಲ. ಅದರಲ್ಲಿಯೂ, ಸುನ್ನಿ ಪಂಥದ ವಿಧಿಯಂತೆ, ಉಳಿದ ವಾರಸುದಾರರು ಒಪ್ಪದ ಹೊರತು ಹೆಂಡತಿಯೇ ಮೊದಲಾದ ಯಾವ ವಾರಸುದಾರರಿಗೂ ಉಯಿಲಿನ ಮೂಲಕ ಏನೂ ಸಲ್ಲದು. ಆದಕಾರಣ ತನ್ನ ಬಾಳಸಂಗಾತಿಗೆ ಎಂಟನೆಯ ಒಂದು ಭಾಗಕ್ಕಿಂತ ಹೆಚ್ಚಿನ ಭದ್ರತೆಯನ್ನು ಬಯಸಿದ ಗಂಡನಿಗೆ ಉಯಿಲು ಹೆಚ್ಚು ಸಹಾಯಕ್ಕೆ ಬಾರದು. ಮಹರಾದರೋ ಸಾಲ. ಪಾಲಿಗಿಂತ ಮೊದಲು ತೀರತಕ್ಕದ್ದು. ಸಾಲವನ್ನು ಕಳೆದ ಮೇಲೆ ಉಳಿದುದರಲ್ಲಿ ಅವಳ ಎಂಟನೆಯ ಭಾಗವೂ ಅವಳಿಗೇ.

ಮಹರಿನಲ್ಲಿ ಒಂದಂಶವು ಕೇಳಿದಾಗ ಕೊಡತಕ್ಕದ್ದು, ಇನ್ನೊಂದು ಮರಣದಲ್ಲಿಯೋ ತಲಾಖಿನಲ್ಲಿಯೋ ಕೊಡತಕ್ಕದ್ದು. ಉತ್ತರ ಹಿಂದೂಸ್ಥಾನದ ದೊಡ್ಡ ಮನೆತನಗಳಲ್ಲಿ ಈ ಎರಡನೆಯ ಅಂಶವು ಗಂಡನ ಯೋಗ್ಯತೆಗೆ ಮೀರಿ ಬೆಳೆಯಿತು. ತಲಾಖಿಗೆ ಅದೇ ತಡೆಗೋಡೆಯಾಗಲೆಂಬುದು ಹುಡುಗಿಯ ಕಡೆಯವರ ಆಶಯ. ದೊಡ್ಡ ಮೊತ್ತದಿಂದ ದೊಡ್ಡ ಹೆಸರೆಂಬುದು ಉಭಯರ ಬಿಂಕ. ಕೊನೆಗೆ 1876ರ ಔಧ್ ಕಾನೂನು, ಗಂಡನ ಸ್ಥಿತಿಯನ್ನೂ ಹೆಂಡತಿಯ ಅಂತಸ್ತನ್ನೂ ನೋಡಿ ಮಹರನ್ನು ಮಿತಗೊಳಿಸುವ ಅಧಿಕಾರವನ್ನು ನ್ಯಾಯಸ್ಥಾನಕ್ಕೆ ಕೊಡಬೇಕಾಯಿತು.

ಕಾಗದದ ಮೇಲಿನ ಮೊತ್ತವು ವಿಧವೆಯ ಕೈಗೆ ಎಷ್ಟರಮಟ್ಟಿಗೆ ಬಂದಿತೆಂಬುದಕ್ಕೆ ಮೈನಾ ಬೀಬಿಯ ಕಥೆಯನ್ನು ಕೇಳಬೇಕು. ಈಕೆಯ ಪತಿ 1890ರಲ್ಲಿ ತೀರಿಕೊಂಡನು. ಆತನ ಸ್ಥಿರಾಸ್ತಿಯು ಆಕೆಯ ಸ್ವಾಧೀನಕ್ಕೆ ಬಂದಿತು. ಹನ್ನೆರಡು ವರ್ಷಗಳ ತರುವಾಯ, 1902ರಲ್ಲಿ, ಇತರ ವಾರಸುದಾರರು ತಮ್ಮ ಪಾಲಿಗಾಗಿ ದಾವೆ ಹೂಡಿದರು. 1903ರಲ್ಲಿ ಡಿಕ್ರಿಯಾಯಿತು: ಆರು ತಿಂಗಳೊಳಗೆ 25,357 ರೂಪಾಯಿಗಳನ್ನು ಆಕೆಗೆ ಸಲ್ಲಿಸಿ ಸ್ವಾಧೀನವನ್ನು ಪಡೆಯಬಹುದು, ಇಲ್ಲವಾದರೆ ದಾವೆಯು ವಜಾ. ಅವರು ಹಣವನ್ನು ಕಟ್ಟಲಿಲ್ಲ. ಆಸ್ತಿಯು ಇನ್ನು ತನ್ನದೇ ಎಂದು ಆಕೆ ತಿಳಿದದ್ದು ಆಶ್ಚರ್ಯವಲ್ಲ. 1907ರಲ್ಲಿ ಅದನ್ನು ಅನ್ಯರಿಗೆ ದಾನವಾಗಿ ಬರೆದುಕೊಟ್ಟಳು. 1915ರಲ್ಲಿ ವಾರಸುದಾರರು ಪುನಃ ಬಂದರು. ವ್ಯಾಜ್ಯವು ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಸಾಲವು ತೀರುವವರೆಗೆ ಆಸ್ತಿಯನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಿಧವೆಗೆ ಉಂಟು, ಆದರೆ ಅಡಮಾನ ಹಿಡಿದವನಿಗೆ ಇರುವಂಥ ಹಕ್ಕು ಆಸ್ತಿಯಲ್ಲಿ ಅವಳಿಗಿಲ್ಲ, ತನ್ನ ಪಾಲಿಗೆ ಮೀರಿದುದನ್ನು ಪರರಿಗೆ ವರ್ಗಾಯಿಸಲಾರಳು ಎಂಬ ಅದರ ತೀರ್ಪು 1925ರ ವರದಿಗಳಲ್ಲಿದೆ. ಗಂಡನು ಸತ್ತು ಮೂವತ್ತನಾಲ್ಕು ವರ್ಷಗಳು ಕಳೆದಿದ್ದುವು! ತೀರ್ಪು ಶಾಸ್ತ್ರಸಮ್ಮತವಿರಬಹುದು, ಆದರೆ ಆ ಹಣವನ್ನು ಕಟ್ಟದೆ ಸುಮ್ಮನಿದ್ದವರಿಗೆ ಅದು ಅನುಕೂಲವಾಯಿತೆಂಬುದನ್ನು ಮರೆಯಲಾಗದು.

ನಿಜಾಮರ ಹೈದರಾಬಾದಿನಿಂದ ಬಂದ ಇನ್ನೊಂದು ಮೊಕದ್ದಮೆಯಲ್ಲಿ 1950ರಲ್ಲಿ ಭಾರತದ ಸುಪ್ರೀಂ ಕೋರ್ಟು ಮತ್ತೊಂದು ಮಿತಿಯನ್ನು ಹೇಳಿತು. ಗಂಡನಿಗೆ ಸಾಲ ಕೊಟ್ಟವನು ಡಿಕ್ರಿಯೊಡನೆ ಬಂದಾಗ, ಮಹರಿಗಾಗಿ ಆಸ್ತಿಯನ್ನು ಹಿಡಿದಿರುವೆನೆಂದು ವಿಧವೆಯು ಅವನನ್ನು ತಡೆಯಲಾರಳು. ಆಧಾರವಿಲ್ಲದ ಸಾಲಗಳಲ್ಲಿ ಅವಳದೂ ಒಂದು. ವಾರಸುದಾರರ ಎದುರಿನಲ್ಲಿ ಮುಂದೆ ನಿಂತವಳು ಇತರ ಧನಿಗಳ ನಡುವೆ ಸಾಲಿನಲ್ಲಿ ಒಬ್ಬಳಾದಳು.

ಹೀಗಿರುವುದರಿಂದ, ವಿವೇಕಿಗಳಾದ ದಂಪತಿಗಳು ಮರಣದವರೆಗೆ ಕಾಯದೆ ಜೀವಿತಕಾಲದಲ್ಲಿಯೇ ಮಹರನ್ನು ಸ್ವತ್ತಾಗಿ ಮಾರ್ಪಡಿಸಿಕೊಂಡರು. ಮಹರಿಗೆ ಬದಲಾಗಿ ಮನೆಯನ್ನೋ ತೋಟವನ್ನೋ ಹೆಂಡತಿಗೆ ಬರೆದುಕೊಡುವುದಕ್ಕೆ ಹಿಬಾ-ಬಿಲ್-ಇವಜ್ ಎನ್ನುವರು. ನಮ್ಮ ದೇಶದಲ್ಲಿ ರೂಢಿಗೆ ಬಂದ ರೀತಿಯಲ್ಲಿ ನ್ಯಾಯಸ್ಥಾನಗಳು ಇದನ್ನು ಕ್ರಯವೆಂದೇ ಎಣಿಸಿದುವು. ಆದ್ದರಿಂದ ನೂರು ರೂಪಾಯಿಗೆ ಕಡಿಮೆಯಿಲ್ಲದ ಸ್ಥಿರಾಸ್ತಿಗೆ ನೋಂದಾಯಿತ ಪತ್ರವು ಬೇಕು. ಬದಲಿಲ್ಲದ ಶುದ್ಧ ಹಿಬಾಕ್ಕಾದರೆ ಸ್ವಾಧೀನವನ್ನು ಒಪ್ಪಿಸಿದುದೇ ಜೀವಾಳ. ಮರಣವ್ಯಾಧಿಯಲ್ಲಿ, ಅಂದರೆ ‘ಮರ್ಜುಲ್ ಮೌತ್’ ಎಂಬ ಸ್ಥಿತಿಯಲ್ಲಿ, ಮಾಡಿದ ದಾನವು ಉಯಿಲಿನ ನಿರ್ಬಂಧಗಳಿಗೆ ಸಿಕ್ಕಿಬೀಳುವುದು, ಆರೋಗ್ಯವಿರುವಾಗಲೇ ಕೊಡಬೇಕು. ಒಂದೇ ಮನೆಯಲ್ಲಿ ಬಾಳುವ ಗಂಡಹೆಂಡಿರಲ್ಲಿ ಸ್ವಾಧೀನವನ್ನು ಒಪ್ಪಿಸುವುದು ಹೇಗೆಂಬ ತೊಡಕನ್ನು ಮುಂಬಯಿ ಹೈಕೋರ್ಟು 1864ರಲ್ಲಿಯೇ ಬಿಡಿಸಿತು: ದಾನ ಕೊಟ್ಟ ಗಂಡನು ಅದೇ ಮನೆಯಲ್ಲಿ ವಾಸವನ್ನು ಮುಂದುವರಿಸಿ, ಹೆಂಡತಿಯ ಪರವಾಗಿ ಬಾಡಿಗೆಯನ್ನು ಪಡೆಯುತ್ತಿದ್ದ ಮಾತ್ರಕ್ಕೆ ಮನೆಯು ಪುನಃ ಅವನದಾಗದು.